ಲಾಳಿ ಹಾಯೂ ಸಂದು

ಬನವ್ವನ ಬಲಗೈ ಮುರದ ಮೂರನೇ ದಿನ
ಖಾನಾವಳಿ ರೊಟ್ಟಿ ಸಾಕಾಗಿ
ನಾನ ಒಲಿ ಮುಂದ ಕುಂತೆ.
ನಲವತ್ತು ವರ್ಷ ಮಗ್ಗದ ಕುಣ್ಯಾಗ ಕಾಲಿಟ್ಟಾಂವ,
ಬೆಟಗೇರಿ ಓಣ್ಯಾಗ ನನ್ನ ದಡಿಗೆ ಹೆಸರೈತಿ;
ಒಂದು ಒಲಿ ಹೊತ್ತಸೂದು ಯಾವ ದೊಡ್ಡ ಮಾತು?

ತುಂಬಿದೆ. ಬಾಯಿ ತುಂಬ ಜಾಲಿ ಕಟಗಿ,
ಮ್ಯಾಲ ಎರಡು ಕುಳ್ಳು,
ಸಂದ್ಯಾಗ ಹತ್ತಿಕಟಗಿ ತುರುಕಿ ಕಡ್ಡಿ ಗೀರಿದೆ.
ಉರಿ ಬರಲಿಲ್ಲ. ಹೊಗಿ ಬಂತು,
ಮೊದಲು ಕಣ್ಣಿಗೆ, ಆಮ್ಯಾಲ ಪಡಸಾಲಿಗೆ,
ಹಾಸು ಹಾಕಿದ ನೂಲಿಗೆ,
ಮಾಡದಾಗಿನ ದೇವರಿಗೂ.
ಊದುಗೊಳವಿ ಊದಿ ಊದಿ ಗಲ್ಲ ಎರಡೂ ಬ್ಯಾನಿ.
ಚಿಮಣಿ ಎಣ್ಣಿ ಬಾಟ್ಲಿ ಹುಡುಕಾಕತ್ತಿದ್ದೆ,

"ಎಣ್ಣಿ ಮುಟ್ಟೀರಿ, ಹುಷಾರ್!"
ಬಾಗಲದಾಗ ನಿಂತಿದ್ಲು,
ಕೊಳ್ಳಿಗೆ ಜೋತುಬಿಟ್ಟ ಪ್ಲಾಸ್ಟರಿನ ಕೈ.
"ಕೆಳಗ ಕೆಂಡ ಐತಿ, ಕಂಡೀರೇನು?
ಎದ್ದು ಹಾಯ್ದರ ಬರೇ ಮೀಸಿ ಹೋಗೂದಿಲ್ಲ.
ಎಲ್ಲಾ ಹೊರಗ ತಗೀರಿ."

ತಗದೆ.
"ಎರಡು ಕಟಗಿ ಒಂದಕ್ಕೊಂದು ಬಡೀರಿ."
ಬಡದೆ. ದಬ್ ಅಂತು.
"ಹಸೇದು. ಬಿಸಲಿಗೆ ಇಡ್ರಿ.
ಟಣ್ ಅನ್ನೂತನಕ ಅದು ಕಟಗಿ ಅಲ್ಲ, ಗಿಡ."
ಹಂಗ ಸುಮ್ಮನಾಗಿ, ಆಮ್ಯಾಲ ಕೇಳಿದ್ಲು:
"ನೂಲಿಗೆ ನೂಲು ಒತ್ತಿದ್ರ ಏನಾಕ್ಕೈತಿ?"
ಲಾಳಿ ಹಾಯೂದಿಲ್ಲ, ಅಂದೆ.
"ಕಟಗಿಗೆ ಕಟಗಿ ಒತ್ತಿದ್ರ ಗಾಳಿ ಹಾಯೂದಿಲ್ಲ.
ಇಷ್ಟು ವರ್ಷ ನೇದೀರಿ, ಇಷ್ಟ ತಿಳೀವಲ್ದಾ?"

ತಿಳೀತು. ಮೂರು ಸಣ್ಣ ಸೀಳು, ತುದಿ ಕೂಡಿಸಿ,
ನಡುವ ಬಟ್ಟಿನಷ್ಟು ಸಂದು ಬಿಟ್ಟೆ.
ಉರಿ ಎದ್ದಿತು. ಎದ್ದು, ಒಂದ್ಹೆಜ್ಜಿ ಒಳಗ ಹೋಗಿ
ಹೊಳ್ಳಿ ನನ್ನ ಮಾರಿಗೇ ಬಂತು.
ಬನವ್ವ ಏನೂ ಅನಲಿಲ್ಲ.
ಮ್ಯಾಲ ನೋಡಿದ್ಲು, ಕೊಳವಿ ಕಡೆ.
ನಾನೂ ನೋಡಿದೆ.

ಖಾದರಬಿ ಈ ಒಲಿ ಕಟ್ಟಿ ಹೋಗೂ ಮುಂದ
ಕೆಸರ ಬೆರಳು ಎತ್ತಿ ಹೇಳಿದ್ಲು:
"ಅಣ್ಣಾರ, ಅಮಾಸಿಗೊಮ್ಮೆ ಕೊಳವಿ ತಿಕ್ಕಸ್ರಿ,
ಒಲಿಗೂ ಗಂಟಲ ಇರತೈತಿ."
ಹೂಂ ಅಂದಿದ್ದೆ. ನಾಕು ವರ್ಷದ ಮಾತು.
ಆಮ್ಯಾಲ ಬನವ್ವ ಹೇಳಿದ್ಲು ದೀಪಾವಳಿಗೆ,
ಯುಗಾದಿಗೆ, ಕೆಮ್ಮು ನಿಲ್ಲದ ಒಂದು ರಾತ್ರಿ.
ನನ್ನ ಲಾಳಿ ಸಪ್ಪಳದಾಗ
ಮಾತೆಲ್ಲಾ ಅತ್ತಿಂದಿತ್ತ ಹಾಯ್ದು ಹ್ವಾದವು.

ಒಲಿ ಆರಿಸಿ, ನಿಚ್ಚಣಿಕಿ ಹಚ್ಚಿ ಮಾಳಿಗಿ ಏರಿದೆ.
ಹಗ್ಗಕ್ಕ ಕಲ್ಲು, ಕಲ್ಲಿಗೆ ಗೋಣಿತಟ್ಟು ಸುತ್ತಿ
ಕೊಳವ್ಯಾಗ ಇಳಿಬಿಟ್ಟೆ. ಎಳದೆ. ಬಿಟ್ಟೆ. ಎಳದೆ.
ಮಸಿ ಬಿತ್ತು, ಮಸಿಯ ಹಕ್ಕಳಿ ಬಿತ್ತು,
ಡಾಂಬರಿನಂಗ ಮಿಂಚೂ ಕರೀ ಕಿಟ್ಟ ಬಿತ್ತು.
ತುದಿ ಟೊಪಗಿ ಕೆಳಗ,
ಹೊಗಿ ಬರದ ಕೊಳವಿ ಅಂತ ನಂಬಿ
ಗುಬ್ಬಿ ಕಟ್ಟಿ ಬಿಟ್ಟುಹೋದ ಗೂಡು;
ಅದರಾಗ ನನ್ನ ಮಗ್ಗದ ಕೆಂಪು ನೂಲು, ಹಳದಿ ನೂಲು.
"ಇದಕ್ಕ ಕಿಡಿ ಹತ್ತಿದ್ರ," ಕೆಳಗಿಂದ ಅಂದ್ಲು,
"ಮೊದಲು ತೊಲಿ, ಆಮ್ಯಾಲ ನಿಮ್ಮ ಸೀರಿ."

ಎರಡು ಪುಟ್ಟಿ ಆತು.
ನಾನು ಎಳಿ ಎಣಿಸೂ ಮನಶ್ಯಾ:
ಕೊಳವ್ಯಾಗ ಇಷ್ಟು ಕುಂತಿದ್ರ
ಆಕಿ ಎದ್ಯಾಗ ಎಷ್ಟು?
ಕೇಳಲಿಲ್ಲ. ಪುಟ್ಟಿ ಹೊತಗೊಂಡು ಇಳದೆ.

ಈಗ ಉರಿ ಒಳಗ ಎಳಕೋತೈತಿ, ಹಂಚು ಲಗೂನ ಕಾಯ್ತೈತಿ,
ಮೊದಲಿನ ಅರ್ಧ ಕಟಗಿ ಸಾಕು.
ರೊಟ್ಟಿ ಮಾತ್ರ ದುಂಡಗ ಆಗವಲ್ವು,
ಒಂದು ಕಡೆ ದಡಿ, ಒಂದು ಕಡೆ ಸೆರಗು.
ರಾತ್ರಿ ಕೆಂಡ ಇದ್ರ ಬೆಳಕಿಂಡಿ ಮುಚ್ಚೂದಿಲ್ಲ.
ಬೂದಿ ತಗಡಿನ ಡಬ್ಬಿಗೆ, ಡಬ್ಬಿ ಅಂಗಳಕ್ಕ;
ತಣ್ಣಗ ಕಾಣತೈತಿ ಖರೆ, ನಂಬಬಾರದು,
ಒಳಗ ಒಂದು ಕಣ್ಣು ತೆರಕೊಂಡು ಮಲಗಿರತೈತಿ.

ಮೊನ್ನೆ ಪ್ಲಾಸ್ಟರ್ ಬಿಚ್ಚಿದ್ರು.
ಬನವ್ವ ಬಾಜೂಕ ಕುಂತು, ಸಣ್ಣಾದ ಆ ಕೈಲೆ
ನಾನಿಟ್ಟ ಕಟಗಿ ಒಂದನ್ನ ಒಂಚೂರು ಸರಿಸಿದ್ಲು.
ಕೆಮ್ಮಲಿಲ್ಲ. ಆಮ್ಯಾಲ ಕೆಮ್ಮಿದ್ಲು.

ಮುಂದಿನ ಅಮಾಸಿ ಸೋಮವಾರ,
ಗ್ವಾಡಿಗೆ ಇದ್ದಲಿಲೆ ಬರದೀನಿ.
ಹಗ್ಗ ಮಗ್ಗದ ಮ್ಯಾಲಿನ ಗೂಟಕ್ಕ ಜೋತುಬಿಟ್ಟೀನಿ,
ಲಾಳಿ ಒಗದಾಗೊಮ್ಮೆ
ಮಾರಿಗೆ ತಾಕಲಿ ಅಂತ.