ಸೇತುವೆಯ ಕೆಳಗೆ

ನಾಲ್ಕು ಮೀಟರ್ ಇಪ್ಪತ್ತು. ಅಷ್ಟೇ
ಈ ರೈಲುಸೇತುವೆ ಕೊಡುವ ಎತ್ತರ.
ಅಮ್ಮನ ತೇರಿನ ಕಳಶ ಐದನ್ನು ಮೀರುತ್ತದೆ.

ರೂರ್ ಸೀಮೆಯ ಜುಲೈ ಬಿಸಿಲು; ಡಾಂಬರಿನ ಮೇಲೆ
ಒಡೆದ ತೆಂಗಿನಕಾಯಿಯ ನೀರು ಆಗಲೇ ಅಂಟಂಟು.
ಹಗ್ಗ ನಿಂತಿತು. ನಾದಸ್ವರ ಉಸಿರು ಹಿಡಿಯಿತು.
ಹಳದಿ ಅಂಗಿಯ ಪೊಲೀಸಮ್ಮ ಗಡಿಯಾರ ನೋಡಿದಳು.

ಆಗ ಯೋಗಮಲರ್ ಸೀರೆ ಎತ್ತಿ ಕಟ್ಟಿ
ತೇರಿನ ಹೊಟ್ಟೆಯೊಳಗೆ ನುಸುಳಿದಳು,
ವಾರವಿಡೀ ಲಾರಿಗಳಡಿ ಮಲಗುವವಳು,
ಉಗುರಿನ ಗ್ರೀಸು ಎಂದೂ ಹೋಗದವಳು.
ಹಿಡಿ ತಿರುಗಿಸಿದಳು. ಕರಕರ.
ಶಿಖರ ಗೇಣುಗೇಣಾಗಿ ಇಳಿಯಿತು
ಕೊಡೆ ಮಡಿಚಿದ ಹಾಗೆ.

ಗುರುಕ್ಕಳ್ ಕಣ್ಣು ಮುಚ್ಚಿಕೊಂಡರು, ನೋಡಬಾರದೆಂಬಂತೆ.
ಅವಳಪ್ಪ ಮಾತ್ರ ನೋಡುತ್ತಿದ್ದ:
ಟೊಮೇಟೊ ಪೆಟ್ಟಿಗೆಗಳ ನಡುವೆ ಬೆನ್ನು ಮಡಿಚಿ
ಮೂರು ಗಡಿ ದಾಟಿ ಬಂದವನು.
"ಇನ್ನೂ ಸ್ವಲ್ಪ ಬಗ್ಗು, ತಾಯೀ," ಅಂದ.
ಮಗಳಿಗೋ, ಮೇಲೆ ಕೂತವಳಿಗೋ.

ನೆತ್ತಿಯ ಮೇಲೆ ಗೂಡ್ಸು ಹಾಯಿತು,
ಕಲ್ಲಿದ್ದಲಲ್ಲ ಈಗ, ಬರೀ ಹೊಸ ಕಾರುಗಳು.
ತುಕ್ಕಿನ ಹುಡಿ ಉದುರಿತು
ದೇವಿಯ ಮುಡಿಗೆ, ಮಲ್ಲಿಗೆಗೆ.
ಯಾರೂ ಕೊಡವಲಿಲ್ಲ.

ಆಚೆ ಬದಿಯ ಬಿಸಿಲಿಗೆ ಬಂದಾಗ
ತೇರಿನೊಳಗಿಂದ ದನಿ:
ಹದಿನೇಳರ ಸ್ಪ್ಯಾನರ್ ಕೊಡ್ರೋ ಯಾರಾದರೂ,
ಇವಳು ಮತ್ತೆ ತಲೆ ಎತ್ತಬೇಕು.