ಸಿಪ್ಪೆಯ ಲೆಕ್ಕ

ಎಲೆ ಹುಳುವಿಗೆ, ಎಳೆ ಸೀರೆಗೆ,
ಬೋಳು ಕಡ್ಡಿ ನಮ್ಮ ಒಲೆಗೆ.
ಶಿಡ್ಲಘಟ್ಟದಲ್ಲಿ ಪಾಲು ಇಷ್ಟೇ.
ಇದರಾಚೆಗೆ ಹಿಪ್ಪುನೇರಳೆಯನ್ನು
ಯಾರೂ ಏನೂ ಕೇಳಿದ್ದಿಲ್ಲ.

ಕೇಳಿದ್ದು ಆಯಮ್ಮ.
ಹೆಸರು ಓಕ್‌ಬುನ್, ನಮ್ಮ ಬಾಯಿಗೆ ಬಂದದ್ದು ಅಕ್ಕಮ್ಮ.
ವೇಮಗಲ್ಲಿನ ಕಾರ್ಖಾನೆಗೆ ಕೊರಿಯಾದಿಂದ ಬಂದ ಮಗನ ಜೊತೆ
ರೇಷ್ಮೆ ನೋಡಲೆಂದು ಬಂದವಳು
ನೂಲಿನ ಕಡೆ ತಿರುಗಲೂ ಇಲ್ಲ.
ಒಲೆಯ ಬಾಯಿಗೆ ನಾನು ತುರುಕಿದ ಕಡ್ಡಿಯನ್ನು
ಹೊರಗೆಳೆದು, ಕೆಂಡದ ತುದಿ ನೆಲಕ್ಕೆ ಒರೆಸಿ,
ಉಗುರಲ್ಲಿ ಗೀರಿ, ಸಿಪ್ಪೆಯನ್ನು ಸರ್ರನೆ ಸುಲಿದು
ಮೂಗಿಗೆ ಹಿಡಿದಳು.
ಗೌಸ್ ಸಾಬರು ನಕ್ಕರು: ಹಸಿವೇನೋ, ಪಾಪ.

ಮುಂದಿನ ಭಾನುವಾರ ಮತ್ತೆ ಬಂದಳು.
ಡ್ರೈವರ್ ಪಿಳ್ಳಪ್ಪನ ಫೋನು ನಡುವೆ ಕೂತು
ತರ್ಜುಮೆ ಮಾಡಿತು:
'ಈ ಮರದ ಚರ್ಮ ನಮ್ಮೂರಲ್ಲಿ ಬಾಗಿಲು.'
ಫೋನು ಕೆಟ್ಟಿದೆ ಅಂದೆ.
ಕೆಟ್ಟಿರಲಿಲ್ಲ.

ಮೇಲಿನ ಕಪ್ಪು ಹೆರೆದೆವು. ಒಳಗಿನ ಬಿಳಿ ನಾರನ್ನು
ಅವರೆ ಗಿಡದ ಬೂದಿ ನೀರಲ್ಲಿ ಹಗಲಿಡೀ ಬೇಯಿಸಿದೆವು.
ಅದೇ ಬಾಣಲೆ, ಗೂಡು ಬೇಯುವ ಬಾಣಲೆ;
ಸಾಯುವವರಿಲ್ಲದೆ ಕುದಿದದ್ದು
ಅದಕ್ಕೆ ಅದೇ ಮೊದಲು.
ಕಲ್ಲಿನ ಮೇಲೆ ಬಡಿದು ಬಡಿದು ರಟ್ಟೆ ಬಿತ್ತು.
ಯಾವುದೋ ಬೇರಿನ ಲೋಳೆ ಬೇಕೆಂದಳು.
ಇಲ್ಲಿ ಎಲ್ಲಿಯದು? ಬೆಂಡೆಕಾಯಿ ಹಿಚುಕಿ ಕೊಟ್ಟೆ.
ಬೆರಳಿಗೆ ಬೆರಳು ಉಜ್ಜಿ ನೋಡಿ ಏನೋ ಕೂಗಿದಳು.
'ದಾಯಾದಿ' ಅಂದಿತು ಫೋನು.

ಮುರುಕು ಚಂದ್ರಿಕೆಯ ಬಿದಿರು ಸೀಳಿ ಜಾಲರಿ ಕಟ್ಟಿ
ಹಿಂದಕ್ಕೆ ಮುಂದಕ್ಕೆ, ಎಡಕ್ಕೆ ಬಲಕ್ಕೆ,
ಮೊರದಲ್ಲಿ ರಾಗಿ ಕೇರುವ ಹಾಗೆ
ನೀರನ್ನು ಕೇರಿದಳು.

ಕಾಗದ ಬಂತು. ಚಂದವೇನಲ್ಲ.
ಹಳಸಿದ ಕೆನೆಯ ಬಣ್ಣ, ಅಲ್ಲಲ್ಲಿ ಗಂಟು.
ಹರಿಯಲು ನೋಡಿದೆ.
ಹರಿಯಲಿಲ್ಲ.

'ಓದಿ ಮುಗಿದ ಪುಸ್ತಕ ಇದೆಯಾ?'
ನನ್ನ ಮನೆಯಲ್ಲಿದ್ದದ್ದು ಒಂದೇ ಪುಸ್ತಕ.
ಸಾಬರು ಮೆಷಿನ್ ತಂದು ಹಳೆಯದನ್ನೆಲ್ಲ
ಗುಜರಿಗೆ ತೂಗಿಸುವಾಗ ಕೇಳಿ ಇಟ್ಟುಕೊಂಡದ್ದು,
ಯಾಕೆಂದು ನನಗೂ ಗೊತ್ತಿರಲಿಲ್ಲ. ಮುಂಗಡದ ಪುಸ್ತಕ.
ನಾರೆಮ್ಮ, ನಾಲ್ಕು ಸಾವಿರ.
ನಾರೆಮ್ಮ, ಮಗಳ ಜ್ವರ, ಎಂಟು ನೂರು.
ನಾರೆಮ್ಮ, ಮೂರು ದಿನ ರಜೆ, ಕಡಿತ.

ಅಕ್ಕಮ್ಮ ಹಾಳೆ ಮುಟ್ಟಿ ಮುಖ ಹಿಂಡಿದಳು: ಜೀವವಿಲ್ಲದ ಕಾಗದ.
ಬೆರಳಗಲ ಸೀಳಿ, ನಮ್ಮ ಸಿಪ್ಪೆ ಕಾಗದದ ಒಂದೆಳೆಯ ಜೊತೆಗಿಟ್ಟು
ತೊಡೆಯ ಮೇಲೆ ಹೊಸೆಯತೊಡಗಿದಳು.

ಹೊಸೆಯುವುದೇ! ನನಗೆ ನಗು.
ಕಾರ್ತೀಕಕ್ಕೆ ಸಾವಿರ ಬತ್ತಿ ಹೊಸೆದ ತೊಡೆ ಇದು.
ಬಿಸಿನೀರಲ್ಲಿ ಬೆಂದು ಗೆರೆ ಅಳಿಸಿಹೋದ ಬೆರಳು ಇವು,
ರೇಷನ್ ಅಂಗಡಿಯ ಯಂತ್ರಕ್ಕೂ ಗುರುತು ಸಿಗದವು.
ಇದನ್ನೂ ಇವಳಿಂದ ಕಲಿಯಬೇಕೆ?

ಕಲಿಯಬೇಕಿತ್ತು. ನನ್ನದು ಕೈ ಬಿಟ್ಟರೆ ಬಿಚ್ಚಿತು.
ಒಂದೆಳೆಯನ್ನು ಬಲಕ್ಕೆ ಹೊಸೆ, ಇನ್ನೊಂದನ್ನೂ ಬಲಕ್ಕೆ,
ಕೂಡಿಸುವಾಗ ಎಡಕ್ಕೆ.
ಆಮೇಲೆ ಬಿಚ್ಚಿಕೊಳ್ಳಲು ಎಳೆ ಎಷ್ಟು ಹೆಣಗಿದರೆ
ಹುರಿ ಅಷ್ಟು ಬಿಗಿ.

ಅವಳು ಊರಿಗೆ ಹೋಗುವಾಗ ಬುಟ್ಟಿ ಅರ್ಧವಾಗಿತ್ತು,
ಉಳಿದರ್ಧ ನನ್ನದು. ಎಲ್ಲಿ ಕೈ ಬದಲಾಯಿತೆಂದು
ಕುರುಡರೂ ಹೇಳಬಲ್ಲರು.
ಅಂಗೈಯಷ್ಟು ದೊಡ್ಡದು, ಮೈಯೆಲ್ಲ ಕಪ್ಪು ಚುಕ್ಕೆ,
ಅಂಕಿಗಳೋ ಅಕ್ಷರಗಳೋ. ಅಂಚಿನಲ್ಲೊಂದು ಸೊನ್ನೆ
ಇಡಿಯಾಗಿ ಉಳಿದಿದೆ; ಜ್ವರದ್ದೋ ಮುಂಗಡದ್ದೋ ತಿಳಿಯದು.

ನೀರು ನಿಲ್ಲುವುದಿಲ್ಲ. ಅದಕ್ಕೆ ಬಳಿಯುವ ಅಂಟಿನ ಮರ ಇಲ್ಲಿಲ್ಲ.
ಬೆಂಡೆ ಬೀಜ ಹಾಕಿಟ್ಟಿದ್ದೇನೆ,
ಮುಂದಿನ ಸಲದ ಲೋಳೆಗೆ.

ಪುಸ್ತಕದಲ್ಲಿ ಇನ್ನೂ ಅರವತ್ತು ಹಾಳೆ ಇವೆ.
ಎಲ್ಲ ಬೇರೆಯವರ ಹೆಸರು: ಫಾತಿಮಾಬಿ, ಗಂಗುಲಮ್ಮ, ನ್ಯಾತಪ್ಪನ ಹೆಂಡತಿ.
ಒಬ್ಬೊಬ್ಬರನ್ನೇ ಕೇಳಿ
ಸೀಳಬೇಕು.