ಎರಡು ಗಂಟೆ

ಬಿದ್ದದ್ದು ಎಷ್ಟು ಹೊತ್ತಿಗೆ ಎಂದರು ಡಾಕ್ಟರು.
ಎರಡು ಗಂಟೆಗೆ ಅಂದಳು ಮಾಂಕಾ,
ಹೆಗಲ ಕಾಂಗಾದಲ್ಲಿ ಮೂಗು ಒರೆಸಿಕೊಳ್ಳುತ್ತ.
ನಾರ್ವೆಯಿಂದ ಬಂದವರು, ಬರೆದುಕೊಂಡರು: ಮಧ್ಯಾಹ್ನ ಎರಡು.
ಪಕ್ಕದ ಮಂಚಕ್ಕೆ ಸಲೈನು ಹಚ್ಚುತ್ತಿದ್ದೆ ನಾನು.
ಕೇಳಿಸಿತು. ಕಿವಿಗೆ ಹಾಕಿಕೊಳ್ಳಲಿಲ್ಲ.

ಎಲಿನೀಸಾ, ಇಪ್ಪತ್ತೆರಡು ವಯಸ್ಸು, ಬೆಣ್ಣೆಹಣ್ಣಿನ ಮರ.
ಕೊಂಬೆಗೂ ಮೊದಲು ತಾನೇ ಮುರಿದೆ ಅನ್ನುತ್ತಾನೆ.
ಕಾಲು ನೋಡಿಕೊಂಡು, ಇದು ಯಾರದು ಎಂದು ಕೇಳಿದನಂತೆ.
ಬಾಗಿಲು ಕಿತ್ತು ಅದರ ಮೇಲೆ ಮಲಗಿಸಿ
ಮಚಾಮೆಯ ಇಳಿಜಾರು ಇಳಿಸಿದರು ನಾಲ್ವರು;
ಆಮೇಲೆ ಸಣ್ಣಾಸ್ಪತ್ರೆ, ಒಂದು ಚೀಟಿ,
ಆಂಬುಲೆನ್ಸಿಗೆ ಡೀಸೆಲ್ ಇಲ್ಲ, ದುಡ್ಡು ತನ್ನಿ, ಆಮೇಲೆ
ಮೋಶಿ, ಕತ್ತಲಾದ ಮೇಲೆ.

ಡಾಕ್ಟರು ಬೆರಳು ಮಡಚಿ ತೋರಿಸಿದರು:
ಎಲುಬಿನ ಓಣಿಯಲ್ಲಿ ಬೆನ್ನುಹುರಿ ಊದುತ್ತದೆ,
ಜಾಗವಿಲ್ಲದೆ ತನ್ನನ್ನೇ ಹಿಸುಕಿಕೊಳ್ಳುತ್ತದೆ.
ಇಪ್ಪತ್ನಾಲ್ಕು ತಾಸಿನೊಳಗೆ ಬಿಡಿಸಿದರೆ ಒಳ್ಳೆಯದು.
ನಡೆಯುತ್ತಾನೆ ಅಂತಲ್ಲ. ಒಳ್ಳೆಯದು.
ಅರುಷಾದಿಂದ ತಿರುಪುಮೊಳೆ ಬೆಳಗಿನ ಬಸ್ಸಿಗೆ ಬರಲಿ,
ಚಿಕ್ಕಪ್ಪ ಎರಡು ಹಸು ಮಾರಲಿ,
ನಾಳೆ ಹನ್ನೊಂದಕ್ಕೆ ಸಾಕು. ಸಮಯವಿದೆ.

ನಡುರಾತ್ರಿ ಮಾಂಕಾ ನಿದ್ದೆಯಿಲ್ಲದೆ ಹೇಳುತ್ತಿದ್ದಳು:
ಬೇಡ ಅಂದೆ ಸಿಸ್ಟರ್, ಚಹಾ ಕುಡಿದು ಹೋಗು ಅಂದೆ,
ತೊಗಟೆ ಜಾರುತ್ತೆ, ಇಬ್ಬನಿ ಇನ್ನೂ ಆರಿಲ್ಲ ಅಂದೆ.

ಇಬ್ಬನಿ.
ಮಧ್ಯಾಹ್ನ ಎರಡಕ್ಕೆ ಎಲ್ಲಿಯ ಇಬ್ಬನಿ?
ನಮ್ಮ ಗಂಟೆ ಸೂರ್ಯನ ಜೊತೆ ಏಳುತ್ತದೆ,
ಹೊತ್ತು ಹುಟ್ಟಿ ಎರಡು ತಾಸಾದರೆ ಎರಡು.
ಮುಳ್ಳು ಎಂಟರ ಮೇಲಿದ್ದರೂ ನಾವು ಓದುವುದು ಎದುರುಮನೆಯ ಅಂಕಿ.
ಹಾಗೇ ಓದಿ ಬೆಳೆದವಳು ನಾನು, ನಾನೇ.

ಕಾರಿಡಾರಿನಲ್ಲಿ ಒಂದು ಚಪ್ಪಲಿ ಉಳಿಯಿತು.
ಫೋನಿನಲ್ಲಿ ಡಾಕ್ಟರು ಒಂದು ಕ್ಷಣ ಸುಮ್ಮನಿದ್ದು
ತಮ್ಮ ಭಾಷೆಯಲ್ಲಿ ಏನೋ ಅಂದರು. ಬೈಗುಳವಿರಬೇಕು.
ಆರು ತಾಸು, ಯಾರೂ ಕದಿಯದೆ ಕಳವಾಗಿತ್ತು.
ಚಿಕ್ಕಪ್ಪನ ಅಳಿಯ ಬೈಕಿನಲ್ಲಿ ಅರುಷಾಕ್ಕೆ ಹೋದ,
ಮೊಳೆಯ ಪೆಟ್ಟಿಗೆಯನ್ನು ಅಂಗಿಯೊಳಗೆ ಕಟ್ಟಿಕೊಂಡು ಬಂದ;
ಹಸು ಇನ್ನೂ ಕೊಟ್ಟಿಗೆಯಲ್ಲೇ ಇದ್ದವು, ಸಾಲ ಬಾಯಿಮಾತಿನದು.
ಥಿಯೇಟರಿನ ದೀಪ ಹತ್ತಿದಾಗ ಅವರಿಗೆ ಏಳು, ನಮಗೆ ಒಂದು.
ಇಪ್ಪತ್ಮೂರನೆಯ ತಾಸು.

ಈಗ ಮರದಿಂದ ಬಿದ್ದು ಬಂದ ಯಾರನ್ನೇ ಆಗಲಿ
ಡಾಕ್ಟರು ತೊದಲು ಸ್ವಾಹಿಲಿಯಲ್ಲಿ ಮೊದಲು ಕೇಳುವುದು:
ಬಿದ್ದಾಗ ನೆಲ ಒದ್ದೆಯಿತ್ತೇ?

ಒಂಬತ್ತನೆಯ ದಿನ
ಎಡಗಾಲ ಹೆಬ್ಬೆರಳು ಅಲುಗಿತೆಂದಳು ಮಾಂಕಾ.
ಡಾಕ್ಟರು ಬಗ್ಗಿ ಬಹಳ ಹೊತ್ತು ನೋಡಿದರು,
ಪೆನ್ನು ತೆಗೆದರು,
ಏನೂ ಬರೆಯಲಿಲ್ಲ.
ನಾನು ಹೊದಿಕೆ ಎಳೆಯಲು ಹೋದೆ.
ಬೇಡ, ಹಾಗೇ ಇರಲಿ ಅಂದ ಎಲಿನೀಸಾ.